ಹಸಿರು ನೀರಿಗೆ ಯಾವ ಫಿಲ್ಮ್?

ನೇತ್ರಾಣಿ ದ್ವೀಪದ ಸುತ್ತಲಿನ ಕಡಲು ದೋಣಿಯಿಂದ ನೋಡುವಾಗ ಎಷ್ಟೇ ನೀಲಿಯಾಗಿ ಕಂಡರೂ, ಹತ್ತು ಮೀಟರ್ ಕೆಳಗೆ ಇಳಿದು ಸುತ್ತ ನೋಡಿದರೆ ಹೆಚ್ಚಿನ ದಿನಗಳಲ್ಲಿ ಹಸಿರಾಗಿಯೇ ಇರುತ್ತದೆ. ಚಳಿಗಾಲದ ಕೆಲವು ದಿನ ಆ ಹಸಿರಿಗೆ ನೀಲಿ ಬೆರೆಯುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಹಳದಿ ಬೆರೆತಿರುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ನೀರಿಗೆ ಫಿಲ್ಮ್ ಕ್ಯಾಮೆರಾ ಹಿಡಿದು ಇಳಿಯುವವರು ಯಾವ ಬಣ್ಣದ ಫಿಲ್ಮ್ ತುಂಬಿಸಬೇಕೆಂದು ಹುಡುಕಿದರೆ, ಸಿಗುವ ಉತ್ತರಗಳೆಲ್ಲ ಬೇರೆ ಕಡಲುಗಳಿಂದ ಬಂದವು. ಕೆಂಪು ಸಮುದ್ರ, ಕೆರಿಬಿಯನ್, ಮಾಲ್ಡೀವ್ಸ್ ಮುಂತಾದ ಕಡೆ ತಿಳಿನೀಲಿ ನೀರಿನಲ್ಲಿ ದಶಕಗಳ ಕಾಲ ದುಡಿದವರು ಬರೆದಿಟ್ಟ ಆ ಸಲಹೆಗಳು ಆ ನೀರಿಗೆ ಸರಿಯಾಗಿಯೇ ಇವೆ. ಅವುಗಳನ್ನು ಹಾಗೆಯೇ ಎತ್ತಿ ನಮ್ಮ ಕರಾವಳಿಗೆ ತಂದರೆ ಚಿತ್ರ ಕೆಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಫಿಲ್ಮನ್ನು ನೀರು ನೋಡಿ ಆರಿಸಬೇಕು. ಅದರಲ್ಲೂ ಆ ದಿನದ ನೀರು, ಆ ದಿನ ತೆಗೆಯಲಿರುವ ಚಿತ್ರದ ದೂರ, ಇವೆರಡನ್ನು ನೋಡಿ ಆರಿಸಬೇಕು.

ಡಿಜಿಟಲ್ ಕ್ಯಾಮೆರಾ ಹಿಡಿದವರಿಗೆ ಈ ಚಿಂತೆ ಇಲ್ಲ. ಅವರು ನೀರಿನೊಳಗೇ ಬೆಳಕಿಗೆ ಸ್ಪಂದಿಸುವ ವೇಗವಾದ ಐಎಸ್‌ಒ ಬದಲಿಸಬಹುದು, ಬಿಳಿಯ ಸಮತೋಲನವನ್ನು ಆಳಕ್ಕೆ ತಕ್ಕಂತೆ ಹೊಂದಿಸಬಹುದು, ನೂರಾರು ಚಿತ್ರ ತೆಗೆದು ಬೇಡದ್ದನ್ನು ಅಳಿಸಬಹುದು. ಫಿಲ್ಮಿನವರು ದೋಣಿಯ ಮೇಲೆಯೇ ಎಲ್ಲವನ್ನೂ ನಿರ್ಧರಿಸಿ ಇಳಿಯಬೇಕು. ಒಮ್ಮೆ ನೀರಿಗಿಳಿದ ಮೇಲೆ ಕ್ಯಾಮೆರಾದ ಬೆನ್ನು ತೆರೆಯುವಂತಿಲ್ಲ. 36 ಚಿತ್ರ, ಒಂದೇ ವೇಗ, ಒಂದೇ ಬಣ್ಣದ ಸ್ವಭಾವ. ಕೆಳಗೆ ನೀರು ಎಣಿಸಿದ್ದಕ್ಕಿಂತ ಕಲಕಿದ್ದರೂ, ಎಣಿಸಿದ್ದಕ್ಕಿಂತ ತಿಳಿಯಾಗಿದ್ದರೂ, ಮೇಲೆ ಬರುವ ತನಕ ಅದೇ ರೀಲಿನಲ್ಲಿ ಕೆಲಸ ಮುಗಿಸಬೇಕು. ಫಿಲ್ಮಿನ ಆಯ್ಕೆಯ ಬಗ್ಗೆ ಇಷ್ಟು ವಿವರವಾಗಿ ಬರೆಯಲು ಮುಖ್ಯ ಕಾರಣ ಇದೇ. ಈ ಕಟ್ಟುಪಾಡಿನೊಳಗೆ ಕೆಲಸ ಮಾಡುವುದು ನನಗೆ ಇಷ್ಟ, ಏಕೆಂದರೆ ಇಳಿಯುವ ಮೊದಲೇ ನೀರನ್ನು ಓದುವ ಅಭ್ಯಾಸವನ್ನು ಅದು ಕಲಿಸುತ್ತದೆ.

ನಮ್ಮಲ್ಲಿ ಇಂದಿಗೂ ಕೈಗೆ ಸಿಗುವ ನೀರಡಿಯ ಫಿಲ್ಮ್ ಕ್ಯಾಮೆರಾ ಎಂದರೆ ಹೆಚ್ಚಾಗಿ ನಿಕೋನೋಸ್. ಫ್ರಾನ್ಸಿನ ಕಡಲ ಅನ್ವೇಷಕ ಜಾಕ್ ಕುಸ್ಟೋ ಅವರ ಬೇಡಿಕೆಯಂತೆ ಜಾನ್ ದ ವೌಟರ್ಸ್ ರೂಪಿಸಿದ ಕ್ಯಾಲಿಪ್ಸೊ ಕ್ಯಾಮೆರಾವನ್ನು ನಿಕಾನ್ 1963ರಲ್ಲಿ ನಿಕೋನೋಸ್ ಎಂಬ ಹೆಸರಿನಲ್ಲಿ ತಂದಿತು. 1984ರ ನಿಕೋನೋಸ್ ಐದನೆಯ ಮಾದರಿ ಅವುಗಳಲ್ಲೆಲ್ಲ ಹೆಚ್ಚು ಬಳಕೆಯಾದದ್ದು. 2001ರಲ್ಲಿ ಈ ಸರಣಿಯೇ ನಿಂತಿತು. ಐದನೆಯ ಮಾದರಿಯಲ್ಲಿ ಫ್ಲ್ಯಾಶ್ ಹೊಂದಿಕೊಳ್ಳುವುದು ಸೆಕೆಂಡಿನ 1/90ನೇ ಭಾಗದಲ್ಲಿ. ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಫಿಲ್ಮಿನ ವೇಗದ ಲೆಕ್ಕವೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಮೊದಲು ನೀರಿನ ಬಣ್ಣದ ಮಾತು. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಅವರು ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡು, ಅದು ಬರಿಯ ಆಕಾಶದ ಪ್ರತಿಬಿಂಬ ಎಂಬ ವಿವರಣೆಯನ್ನು ಒಪ್ಪದೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಇದರ ಜೊತೆಗೆ ನೀರು ತಾನೇ ಕೆಂಪನ್ನು ಹೀರುತ್ತದೆ, ಅದೂ ಬಹಳ ಬೇಗ. 650 ನ್ಯಾನೋಮೀಟರಿನ ಕೆಂಪು ಬೆಳಕು ಅತಿ ಶುದ್ಧ ನೀರಿನಲ್ಲಿ 5 ಮೀಟರ್ ಸಾಗುವಷ್ಟರಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ; 10 ಮೀಟರಿಗೆ ಶೇಕಡ 3ರ ಆಸುಪಾಸಿಗೆ ಇಳಿಯುತ್ತದೆ. ಕಿತ್ತಳೆ ಅದರ ಹಿಂದೆಯೇ ಹೋಗುತ್ತದೆ, ಹಳದಿ ಇನ್ನಷ್ಟು ಆಳದಲ್ಲಿ ಸೊರಗುತ್ತದೆ. ನೀಲಿ ಮಾತ್ರ ಹತ್ತಾರು ಮೀಟರ್ ಉಳಿದು ಬರುತ್ತದೆ. ಮಾಲ್ಡೀವ್ಸಿನ ಚಿತ್ರಗಳ ಆ ನೀಲಿ ಹಿನ್ನೆಲೆ ಹುಟ್ಟುವುದು ಹೀಗೆ.

ನಮ್ಮ ಕರಾವಳಿಯಲ್ಲಿ ಆ ನೀಲಿಯನ್ನೂ ಕಸಿಯುವ ಎರಡು ಸಂಗತಿಗಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ನದಿಗಳು ಘಟ್ಟದ ಕಾಡಿನಲ್ಲಿ ಕೊಳೆತ ಎಲೆಗಳ ಸತ್ವವನ್ನು ಕರಗಿಸಿಕೊಂಡು ಕಡಲಿಗೆ ತರುತ್ತವೆ. ಹಾಲು ಹಾಕದ ಕಣ್ಣ ಚಹದಂತೆ ತೆಳು ಕಂದು ಹಳದಿಯಾದ ಆ ಕರಗಿದ ಅಂಶ ನೀಲಿ ಬೆಳಕನ್ನು ಹೀರುತ್ತದೆ. ಎರಡನೆಯದು ತೇಲುವ ಸೂಕ್ಷ್ಮ ಸಸ್ಯಗಳು. ನೈಋತ್ಯ ಮಳೆಗಾಲದಲ್ಲಿ ಕರಾವಳಿಯ ಉದ್ದಕ್ಕೂ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ, ಅದನ್ನು ಉಂಡು ಸಸ್ಯಪ್ಲವಕಗಳು ಹೆಚ್ಚುತ್ತವೆ, ಅವುಗಳ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೀರಿ ನಡುವಿನ ಹಸಿರನ್ನು ಬಿಡುತ್ತದೆ. ಇದೇ ಸೂಕ್ಷ್ಮ ಸಸ್ಯಗಳಿಂದ ನಮ್ಮ ತಾರ್ಲೆ ಮೀನು ಬದುಕುತ್ತದೆ, ಕಾರವಾರದ ಬಂಡೆಗಳ ಮೇಲಿನ ನೀಲಿಕಲ್ಲು ಎಂಬ ಚಿಪ್ಪುಜೀವಿ ಕೊಬ್ಬುತ್ತದೆ. ಹಾಗಾಗಿ ಈ ಹಸಿರನ್ನು ಒಂದು ದೋಷವೆಂದು, ತಿದ್ದಿ ತೆಗೆಯಬೇಕಾದ ಕೊಳೆಯೆಂದು ಕಾಣುವವರ ಜೊತೆ ನನ್ನ ಸಹಮತವಿಲ್ಲ. ಈ ಕಡಲಿಗೆ ಮೀನು ಕೊಟ್ಟದ್ದೇ ಆ ಹಸಿರು. ನಾನು ಹುಡುಕುವುದು ಆ ಹಸಿರನ್ನು ಹಸಿರಾಗಿಯೇ ಹಿಡಿಯುತ್ತ, ಅದರ ಮುಂದೆ ನಿಂತ ಮೀನಿನ ನಿಜವಾದ ಬಣ್ಣವನ್ನೂ ಬಿಟ್ಟುಕೊಡದ ಫಿಲ್ಮನ್ನು.

ನೀರನ್ನು ಅಳೆಯಲು ನಾನು ಬಳಸುವ ಉಪಾಯ ಹಳೆಯದು. 1865ರಲ್ಲಿ ಇಟಲಿಯ ಪಾದ್ರಿ ಮತ್ತು ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಅವರು ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಕಡಲಿಗೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ನೀರಿನ ತಿಳಿತನದ ಅಳತೆಯಾಗಿ ಬಳಸಿದರು. ಕಡಲ ವಿಜ್ಞಾನದವರು ಇಂದಿಗೂ ಅದನ್ನು ಸೆಕ್ಕಿ ತಟ್ಟೆ ಎಂದೇ ಕರೆಯುತ್ತಾರೆ. ಬಿಳಿ ಬಣ್ಣ ಬಳಿದ ಒಂದು ದುಂಡು ತಗಡು, ಮೀಟರಿಗೊಂದು ಗಂಟು ಹಾಕಿದ ಹಗ್ಗ, ಕೆಳಗೊಂದು ಸೀಸದ ಗುಂಡು ಇದ್ದರೆ ಸಾಕು. ದೋಣಿಯ ನೆರಳಿನ ಬದಿಯಿಂದ ಅದನ್ನು ಇಳಿಬಿಟ್ಟು ನೋಡಿದರೆ, ಅದು ಮರೆಯಾಗುವ ಆಳದ ಜೊತೆಗೆ, ಮರೆಯಾಗುವ ಮುನ್ನ ಅದು ತಾಳುವ ಬಣ್ಣವೂ ಕಾಣುತ್ತದೆ. ಆ ಬಣ್ಣವೇ ಚಿತ್ರದ ಹಿನ್ನೆಲೆಯ ಬಣ್ಣ. ತಟ್ಟೆ ನೀಲಿ ಹಸಿರಾಗಿ ಮಾಸಿದರೆ ಒಂದು ಫಿಲ್ಮ್, ಹಳದಿ ಹಸಿರಾಗಿ ಮಾಸಿದರೆ ಬೇರೊಂದು.

ಯಾವ ದಿನ ಹೋಗಬೇಕೆಂಬುದನ್ನು ದೋಣಿ ನಡೆಸುವ ತಾಂಡೇಲರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಉಬ್ಬರವಿಳಿತ ಜೋರಾಗಿರುತ್ತದೆ, ಸೆಳೆತ ಹೆಚ್ಚುತ್ತದೆ, ತಳದ ಕೆಸರು ಮೇಲೇಳುತ್ತದೆ; ಅಷ್ಟಮಿಯ ಸುತ್ತ ಕಡಲು ಸಾವಕಾಶವಾಗಿ ಏರಿ ಇಳಿಯುವುದರಿಂದ ಕೆಸರು ಕೂರುತ್ತದೆ. “ಅಮಾಸೆ ಕಳೀಲಿ ತಮ್ಮಾ, ನೀರು ತಿಳಿ ಆಗ್ತದೆ, ಆಗ ಹೋಗ್ವ” ಎಂದು ಮುರುಡೇಶ್ವರದ ಹಿರಿಯ ತಾಂಡೇಲರೊಬ್ಬರು ಹೇಳುವ ಮಾತನ್ನು ನಾನು ಮೀಟರಿನ ಅಳತೆಯಷ್ಟೇ ನಂಬುತ್ತೇನೆ. ಕಾರವಾರದ ಹತ್ತಿರದ ದ್ವೀಪಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು: ನೌಕಾನೆಲೆಯ ಸುತ್ತಲಿನ ನೀರಿನಲ್ಲಿ ಕ್ಯಾಮೆರಾ ಹಿಡಿದು ಇಳಿಯುವ ಯೋಚನೆಯನ್ನೇ ಮಾಡಬಾರದು. ನೀರಡಿಯ ಚಿತ್ರಕ್ಕೆ ನಮ್ಮ ಜಿಲ್ಲೆಯಲ್ಲಿ ನೇತ್ರಾಣಿಯೇ ಸರಿಯಾದ ಜಾಗ.

ಈಗ ಫಿಲ್ಮಿನೊಳಗೆ ಏನಾಗುತ್ತದೆ ಎಂದು ನೋಡೋಣ. ಬಣ್ಣದ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಬೇರೆ ಬೇರೆಯಾಗಿ ಸ್ಪಂದಿಸುವ ಪದರಗಳಿರುತ್ತವೆ. ಸಾಮಾನ್ಯವಾಗಿ ಕೆಂಪಿನ ಪದರ ಎಲ್ಲಕ್ಕಿಂತ ಕೆಳಗೆ. ಸೂರ್ಯನ ಬೆಳಕಿನಲ್ಲಿ ಮೂರಕ್ಕೂ ಸರಿಸಮನಾದ ಪಾಲು ಸಿಗುತ್ತದೆ ಎಂಬ ಲೆಕ್ಕದ ಮೇಲೆ ಅವನ್ನು ತಯಾರಿಸಿರುತ್ತಾರೆ. ಹತ್ತು ಮೀಟರ್ ಆಳದಲ್ಲಿ ಹಸಿರಿನ ಪದರ ತುಂಬಿ ತುಳುಕುವಾಗ ಕೆಂಪಿನ ಪದರಕ್ಕೆ ಹೆಚ್ಚೇನೂ ದಕ್ಕಿರುವುದಿಲ್ಲ. ಲೈಟ್ ಮೀಟರ್ ಒಟ್ಟು ಬೆಳಕನ್ನು ಅಳೆದು ಸರಿಯಾಗಿದೆ ಎನ್ನುತ್ತದೆ, ಆದರೆ ಕೆಂಪಿನ ಪದರದ ಪಾಲಿಗೆ ಅದು ನಾಲ್ಕೈದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು ಅಥವಾ ಇಮ್ಮಡಿಯಾಗುವುದು) ಕೊರತೆಯ ಎಕ್ಸ್‌ಪೋಷರ್. ಆ ಪದರದಲ್ಲಿ ದಾಖಲಾಗದೆ ಹೋದದ್ದನ್ನು ಆಮೇಲೆ ಯಾವ ಲ್ಯಾಬಿನಲ್ಲೂ, ಯಾವ ಸ್ಕ್ಯಾನರಿನಲ್ಲೂ ಹುಟ್ಟಿಸಲಾಗದು. ಎಳೆದು ತೆಗೆದರೆ ಬರುವುದು ಒರಟಾದ ಕಣಗಳ ಮಸುಕು ಕೆಂಪು ಮಾತ್ರ. ನೀರಡಿಯ ಫಿಲ್ಮಿನ ಆಯ್ಕೆಯೆಂದರೆ ಹೆಚ್ಚಿನ ಮಟ್ಟಿಗೆ ಈ ಕೆಂಪಿನ ಪದರವನ್ನು ಬದುಕಿಸಿಕೊಳ್ಳುವ ಕೆಲಸ.

ಈ ಕಷ್ಟ ನೀರಡಿಯ ಮೊದಲ ಬಣ್ಣದ ಚಿತ್ರದಷ್ಟೇ ಹಳೆಯದು. 1926ರಲ್ಲಿ ಫ್ಲೋರಿಡಾದ ಡ್ರೈ ಟಾರ್ಟುಗಾಸ್‌ನಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಅವರು ಆಟೋಕ್ರೋಮ್ ಫಲಕಗಳ ಮೇಲೆ ಹಾಗ್‌ಫಿಶ್ ಎಂಬ ಮೀನನ್ನು ಸೆರೆಹಿಡಿದರು. ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳ ಮೂಲಕ ಬೆಳಕನ್ನು ಸೋಸುವ ಆ ಫಲಕಗಳು ಅತ್ಯಂತ ನಿಧಾನವಾದವು. ಅವಕ್ಕೆ ಸಾಲುವಷ್ಟು ಬೆಳಕು ಒದಗಿಸಲು ಅವರು ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಷಿಯಂ ಪುಡಿಯನ್ನು ಸ್ಫೋಟಿಸಬೇಕಾಯಿತು. ಫಿಲ್ಮಿನ ವೇಗ ಸಾಲದಿದ್ದರೆ ಬೆಳಕನ್ನು ಹೊತ್ತು ತರಬೇಕು ಎಂಬುದು ಅಂದೇ ತಿಳಿದಿತ್ತು. ಇಂದು ಆ ಪುಡಿಯ ಜಾಗದಲ್ಲಿ ಸ್ಟ್ರೋಬ್ ಎಂಬ ನೀರಡಿಯ ಫ್ಲ್ಯಾಶ್ ಇದೆ.

ಸ್ಟ್ರೋಬ್ ಇದ್ದರೆ ಕೆಂಪು ಮರಳುತ್ತದೆ, ಆದರೆ ಹತ್ತಿರದಲ್ಲಿ ಮಾತ್ರ. ಒಂದು ಮೀಟರ್ ದೂರದ ಮೀನಿಗೆ ಸ್ಟ್ರೋಬಿನ ಬೆಳಕು ಹೋಗಿ, ತಿರುಗಿ ಲೆನ್ಸಿಗೆ ಬರುವಷ್ಟರಲ್ಲಿ ಎರಡು ಮೀಟರ್ ನೀರನ್ನು ದಾಟಿರುತ್ತದೆ. ಶುದ್ಧ ನೀರಿನಲ್ಲೂ ಅಷ್ಟರೊಳಗೆ ಕೆಂಪಿನ ಅರ್ಧ ಭಾಗ ಕರಗಿರುತ್ತದೆ. ನಮ್ಮ ನೀರಿನಲ್ಲಿ ನೀಲಿಯೂ ಕಡಿಮೆಯಾಗಿ ಬರುವುದರಿಂದ ಸ್ಟ್ರೋಬಿನ ಬೆಳಕೇ ಹಸಿರಾಗಿ ತಲುಪುತ್ತದೆ. ಆದ್ದರಿಂದ ಕಾಣುವ ದೂರದ ಮೂರನೇ ಒಂದು ಭಾಗಕ್ಕಿಂತ ಆಚೆಗಿನ ವಸ್ತುವಿನ ಬಣ್ಣದ ಚಿತ್ರ ತೆಗೆಯಬಾರದು ಎಂಬ ಹಳಬರ ನಿಯಮವನ್ನು ನಾನು ನೇತ್ರಾಣಿಯಲ್ಲಿ ಇನ್ನೂ ಬಿಗಿ ಮಾಡಿಕೊಂಡಿದ್ದೇನೆ. ಬಣ್ಣ ಬೇಕಿದ್ದರೆ ತೋಳಿನಳತೆಯೊಳಗೆ ಹೋಗಬೇಕು. ನಿಕೋನೋಸಿನ 35 ಮಿಲಿಮೀಟರ್ ಲೆನ್ಸ್ ನೀರಿನ ವಕ್ರೀಭವನದಿಂದ ಸುಮಾರು 47 ಮಿಲಿಮೀಟರಿನಂತೆ ವರ್ತಿಸಿ ನಮ್ಮನ್ನು ದೂರ ಸರಿಯುವಂತೆ ಮಾಡುತ್ತದೆ. 28 ಅಥವಾ 15 ಮಿಲಿಮೀಟರಿನ ಲೆನ್ಸ್ ಇರುವವರು ಹತ್ತಿರ ಹೋಗಬಲ್ಲರು, ಹಾಗಾಗಿ ಫಿಲ್ಮಿನ ಆಯ್ಕೆಯಲ್ಲೂ ಅವರಿಗೆ ಹೆಚ್ಚು ಅವಕಾಶ ಸಿಗುತ್ತದೆ.

ನೀರಡಿಯ ಛಾಯಾಗ್ರಾಹಕರು ದಶಕಗಳ ಕಾಲ ಸ್ಲೈಡ್ ಫಿಲ್ಮನ್ನೇ, ಅಂದರೆ ತೊಳೆದಾಗ ನೇರವಾಗಿ ನಿಜ ಬಣ್ಣದ ಚಿತ್ರವೇ ಮೂಡುವ ಫಿಲ್ಮನ್ನೇ, ನೆಚ್ಚಿಕೊಂಡದ್ದಕ್ಕೆ ಕಾರಣವಿದೆ. ನೀರು ಬೆಳಕನ್ನು ಚದುರಿಸಿ ಕಪ್ಪನ್ನು ಬೂದಿಯಾಗಿಸುತ್ತದೆ, ಬಿಳಿಯನ್ನು ಮಂಕಾಗಿಸುತ್ತದೆ. ಸ್ಲೈಡಿನ ಸಹಜವಾದ ಗಾಢ ವ್ಯತ್ಯಾಸ ಆ ಮಂಕನ್ನು ಕಳೆಯುತ್ತದೆ. ಅದರ ಬೆಲೆಯಾಗಿ ಅದು ಐದು ಸ್ಟಾಪಿನಷ್ಟು ಕಿರಿದಾದ ವ್ಯಾಪ್ತಿಯನ್ನು ಮಾತ್ರ ಕೊಡುತ್ತದೆ. ಅರ್ಧ ಸ್ಟಾಪ್ ಹೆಚ್ಚಾದರೆ ಮೀನಿನ ಬೆಳ್ಳಿಯ ಮೈ ಸುಟ್ಟು ಬಿಳಿಯಾಗುತ್ತದೆ, ಅರ್ಧ ಸ್ಟಾಪ್ ಕಡಿಮೆಯಾದರೆ ಬಂಡೆಯ ನೆರಳೆಲ್ಲ ಮುಚ್ಚಿಹೋಗುತ್ತದೆ. ಒಂದೇ ದೃಶ್ಯಕ್ಕೆ ಮೂರು ಎಕ್ಸ್‌ಪೋಷರ್ ಕೊಟ್ಟರೆ 36 ಚಿತ್ರದ ರೀಲು ಹನ್ನೆರಡು ದೃಶ್ಯಗಳಿಗೆ ಇಳಿಯುತ್ತದೆ.

ಕೊಡಾಕ್ರೋಮ್ ಬಗ್ಗೆ ಹಳೆಯವರು ಇಂದಿಗೂ ಗೌರವದಿಂದ ಮಾತಾಡುತ್ತಾರೆ. 1935ರಲ್ಲಿ ಬಂದು 2009ರಲ್ಲಿ ತಯಾರಿ ನಿಂತ ಆ ಫಿಲ್ಮಿನ ಕೆಂಪು ನೀರಡಿಯ ಸ್ಟ್ರೋಬಿನ ಬೆಳಕಿಗೆ ಚೆನ್ನಾಗಿ ಒಗ್ಗುತ್ತಿತ್ತು. ಆದರೆ ಬಣ್ಣ ಕೂಡಿಸುವ ರಾಸಾಯನಿಕಗಳು ಫಿಲ್ಮಿನಲ್ಲಿರದೆ ತೊಳೆಯುವ ದ್ರಾವಣದಲ್ಲಿ ಇರುತ್ತಿದ್ದುದರಿಂದ ಅದನ್ನು ದೊಡ್ಡ ಲ್ಯಾಬಿನಲ್ಲಿ ಮಾತ್ರ ತೊಳೆಯಲು ಸಾಧ್ಯವಿತ್ತು. ಎಕ್ಟಾಕ್ರೋಮ್ ಮತ್ತು ಫ್ಯೂಜಿಯ ಸ್ಲೈಡುಗಳನ್ನು ಇ-6 ವಿಧಾನದಲ್ಲಿ, 38 ಡಿಗ್ರಿಯ ದ್ರಾವಣ ಕಾಯ್ದುಕೊಳ್ಳಬಲ್ಲವರು ಹಡಗಿನಲ್ಲೇ ತೊಳೆದು, ಅದೇ ರಾತ್ರಿ ತಮ್ಮ ಎಕ್ಸ್‌ಪೋಷರನ್ನು ಪರೀಕ್ಷಿಸಿ ಮರುದಿನ ತಿದ್ದಿಕೊಳ್ಳಬಹುದಾಗಿತ್ತು. ನೀರಡಿಯ ಕೆಲಸದಲ್ಲಿ ಇ-6 ಗೆದ್ದದ್ದಕ್ಕೆ ಬಣ್ಣದಷ್ಟೇ ಈ ಅನುಕೂಲವೂ ಕಾರಣ.

1990ರಲ್ಲಿ ಬಂದ ಫ್ಯೂಜಿಯ ಸ್ಲೈಡ್ ಫಿಲ್ಮ್ ವೆಲ್ವಿಯಾ ಎಲ್ಲರ ಮನಸ್ಸು ಸೆಳೆಯಿತು. ಐಎಸ್‌ಒ 50ರ ಆ ಫಿಲ್ಮಿನ ಕಣಗಳು ಅತಿ ಸಣ್ಣವು, ಬಣ್ಣಗಳು ಅತಿ ಗಾಢ. ಎಷ್ಟೋ ಜನ ಅದನ್ನು 40 ಎಂದೇ ಎಣಿಸಿ ಬಳಸುತ್ತಾರೆ. ನೀಲಿ ನೀರಿನಲ್ಲಿ ಅದರ ಫಲ ಮೋಹಕವಾದದ್ದು. ಅದನ್ನು ನೇತ್ರಾಣಿಯ ಹಸಿರಿನಲ್ಲಿ ಅಗಲ ಲೆನ್ಸಿನೊಂದಿಗೆ ಬಳಸಿದರೆ, ಇರುವ ಹಸಿರನ್ನು ಅದು ಇಮ್ಮಡಿಸಿ ಬಟ್ಟೆಗೆ ಹಾಕುವ ಬಣ್ಣದ ಹಾಗೆ ಮಾಡುತ್ತದೆ. ತೇಲುವ ಕಣಗಳ ಮೇಲೆ ಬಿದ್ದ ಸ್ಟ್ರೋಬಿನ ಬೆಳಕು ಚಿಕ್ಕ ಚಿಕ್ಕ ಬಿಳಿ ಚುಕ್ಕೆಗಳಾಗಿ ಚಿತ್ರದ ತುಂಬ ಹರಡುವುದು ನಮ್ಮ ನೀರಿನಲ್ಲಿ ದಿನದ ಸಮಸ್ಯೆ. ವೆಲ್ವಿಯಾದ ಗಾಢ ವ್ಯತ್ಯಾಸ ಆ ಚುಕ್ಕೆಗಳನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಅಗಲ ದೃಶ್ಯಗಳಿಗೆ ನಾನು ಅದನ್ನು ಖಂಡಿತ ಸೂಚಿಸುವುದಿಲ್ಲ.

ಆದರೆ ಅದೇ ವೆಲ್ವಿಯಾ ಮ್ಯಾಕ್ರೋ ಚಿತ್ರಕ್ಕೆ ಬಹಳ ಒಳ್ಳೆಯದು, ಮತ್ತು ಈ ವ್ಯತ್ಯಾಸವೇ ನನ್ನ ವಾದದ ತಿರುಳು. ಬೆರಳುದ್ದದ ಮೀನನ್ನೋ, ಬಂಡೆಯ ಚಾಚಿನ ಕೆಳಗೆ ಅಂಟಿಕೊಂಡ ಕಿತ್ತಳೆ ಬಣ್ಣದ ಹವಳವನ್ನೋ ಅಂಗೈ ಅಗಲದ ದೂರದಿಂದ ತೆಗೆಯುವಾಗ ಬೆಳಕೆಲ್ಲ ಸ್ಟ್ರೋಬಿನದು. ನಡುವಿನ ನೀರು ಇಪ್ಪತ್ತು ಮೂವತ್ತು ಸೆಂಟಿಮೀಟರ್ ಮಾತ್ರ. ಲೆನ್ಸಿನ ಅಪರ್ಚರ್ ಎಂಬ ಬೆಳಕಿನ ಕಿಂಡಿಯನ್ನು ಎಫ್/22ಕ್ಕೆ ಕಿರಿದಾಗಿಸಿ, ಸೆಕೆಂಡಿನ 1/90ರಲ್ಲಿ, ಐಎಸ್‌ಒ 50ರ ಫಿಲ್ಮಿನ ಮೇಲೆ ಸುತ್ತಲಿನ ಹಸಿರು ದಾಖಲಾಗುವುದೇ ಇಲ್ಲ, ಹಿನ್ನೆಲೆ ಕಪ್ಪಾಗುತ್ತದೆ. ಹಸಿರು ನೀರಿನ ತೊಂದರೆಯೇ ಅಲ್ಲಿಲ್ಲದ ಮೇಲೆ ನಿಧಾನ ಫಿಲ್ಮಿನ ಸಣ್ಣ ಕಣಗಳ ಲಾಭವನ್ನು ಏಕೆ ಬಿಡಬೇಕು? ನೀರು ಎಷ್ಟೇ ಕಲಕಿದ್ದರೂ ಮ್ಯಾಕ್ರೋ ಮಾಡಬಹುದು ಎಂಬುದು ನಮ್ಮ ಕರಾವಳಿಯವರಿಗೆ ದೊಡ್ಡ ಸಮಾಧಾನ. ಅಕ್ಟೋಬರಿನ ಕಲಕು ನೀರಿನಲ್ಲಿ ದೂರದ್ದೇನೂ ಕಾಣದ ದಿನಗಳಲ್ಲಿ ಬಂಡೆಗೆ ಮುಖವಿಟ್ಟು ಕುಳಿತರೆ ರೀಲು ತುಂಬುವಷ್ಟು ಜೀವಗಳು ಸಿಗುತ್ತವೆ.

ಡಿಸೆಂಬರಿನಿಂದ ಫೆಬ್ರವರಿಯವರೆಗಿನ ತಿಳಿನೀರಿನಲ್ಲಿ, ತಟ್ಟೆ ನೀಲಿ ಹಸಿರಾಗಿ ಮಾಸುವ ದಿನ, ಅಗಲ ದೃಶ್ಯಕ್ಕೆ ಸ್ಲೈಡ್ ಬೇಕೆಂದರೆ ಪ್ರೋವಿಯಾ 100ಎಫ್ ಅಥವಾ ಎಕ್ಟಾಕ್ರೋಮ್ ಇ100. ಎಕ್ಟಾಕ್ರೋಮ್ 2012ರಲ್ಲಿ ನಿಂತು 2018ರಲ್ಲಿ ಮರಳಿ ಬಂದದ್ದು ನನ್ನಂಥವರಿಗೆ ಸಂತೋಷದ ಸಂಗತಿ. ಇವೆರಡೂ ಬಣ್ಣವನ್ನು ಉಬ್ಬಿಸದೆ ಇಡುತ್ತವೆ. ಕಣಗಳ ವಿಷಯದಲ್ಲೂ ವೆಲ್ವಿಯಾಕ್ಕೆ ಕಡಿಮೆಯಿಲ್ಲ. ಹಸಿರು ನೀರನ್ನು ಪ್ರೋವಿಯಾ ಸ್ವಲ್ಪ ತಣ್ಣಗೆ, ನೀಲಿಯ ಕಡೆಗೆ ವಾಲಿಸಿ ತೋರಿಸುವುದು ನನಗೆ ಇಷ್ಟವಾಗುತ್ತದೆ. ಐಎಸ್‌ಒ 100ರ ಲೆಕ್ಕವನ್ನು ಇಲ್ಲಿ ಹೇಳಬೇಕು. ಮೇಲೆ ನಡುಹಗಲಿನ ಬಿಸಿಲಿನಲ್ಲಿ ಸೆಕೆಂಡಿನ 1/90ರಲ್ಲಿ ಎಫ್/16 ಸಿಗುವ ಫಿಲ್ಮಿಗೆ, ಹತ್ತು ಹನ್ನೆರಡು ಮೀಟರ್ ಕೆಳಗೆ ತಿಳಿನೀರಿನಲ್ಲೂ ಎರಡು ಮೂರು ಸ್ಟಾಪ್ ಕಡಿಮೆಯಾಗುತ್ತದೆ, ಹಿನ್ನೆಲೆಗೆ ಎಫ್/8 ಅಥವಾ ಎಫ್/5.6 ಉಳಿಯುತ್ತದೆ. ಅದು ಸಾಕು. ಹಿನ್ನೆಲೆಯ ನೀರನ್ನು ಅಳೆದು ಅಪರ್ಚರ್ ಇಟ್ಟು, ಮುಂದಿನ ಬಂಡೆಯನ್ನು ಸ್ಟ್ರೋಬಿನಿಂದ ತುಂಬಿದರೆ, ಹಸಿರು ಮತ್ತು ಕೆಂಪು ಒಂದೇ ಚೌಕಟ್ಟಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಹತ್ತು ಗಂಟೆಯಿಂದ ಎರಡು ಗಂಟೆಯ ನಡುವೆ, ಸೂರ್ಯ ನೆತ್ತಿಯ ಹತ್ತಿರ ಇರುವಾಗ ಮಾತ್ರ ಈ ಲೆಕ್ಕ ನಡೆಯುತ್ತದೆ. ಆಮೇಲೆ ಬೆಳಕು ಓರೆಯಾದಷ್ಟೂ ನೀರಿನ ಮೇಲ್ಮೈಯಿಂದಲೇ ಹಿಂದಿರುಗುವ ಪಾಲು ಹೆಚ್ಚುತ್ತದೆ.

ತಟ್ಟೆ ಹಳದಿ ಹಸಿರಾಗಿ ಏಳೆಂಟು ಮೀಟರಿನಲ್ಲೇ ಮರೆಯಾಗುವ ದಿನಗಳೇ ನಮಗೆ ಹೆಚ್ಚು. ಅಂಥ ದಿನ ಅಗಲ ದೃಶ್ಯಕ್ಕೆ ಸ್ಲೈಡನ್ನು ಬಿಟ್ಟು, ಬಣ್ಣಗಳು ತಿರುಗುಮುರುಗಾಗಿ ಮೂಡುವ ನೆಗೆಟಿವ್ ಫಿಲ್ಮ್ ತುಂಬಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ನೀರಡಿಯ ಕೆಲಸಕ್ಕೆ ನೆಗೆಟಿವ್ ಸಲ್ಲದು ಎಂಬ ಮಾತು ಅಚ್ಚಿಗಾಗಿ ಪತ್ರಿಕೆಗಳು ಸ್ಲೈಡನ್ನೇ ಕೇಳುತ್ತಿದ್ದ ಕಾಲದ್ದು. ಆ ಕಾಲ ಮುಗಿದಿದೆ. ಕೊಡಾಕಿನ ಪೋರ್ಟ್ರಾ 400 ನೆಗೆಟಿವ್ ಫಿಲ್ಮನ್ನು 200 ಎಂದು ಎಣಿಸಿ, ಅಂದರೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ತೆಗೆದರೆ, ಹಸಿರಿನ ಪದರ ಆ ಹೆಚ್ಚುವರಿಯನ್ನು ಸಲೀಸಾಗಿ ತಾಳಿಕೊಳ್ಳುತ್ತದೆ, ಹಸಿದ ಕೆಂಪಿನ ಪದರಕ್ಕೆ ದಾಖಲಿಸುವಷ್ಟು ಬೆಳಕು ಸಿಗುತ್ತದೆ. ಸ್ಲೈಡಿನಲ್ಲಿ ಇದನ್ನು ಮಾಡಲಾಗದು, ಒಂದು ಸ್ಟಾಪ್ ಹೆಚ್ಚಾದರೆ ಚಿತ್ರವೇ ಹೋಗುತ್ತದೆ. ನೆಗೆಟಿವ್ ಫಿಲ್ಮ್ ಕೊಡುವ ಸಹನೆಯೆಂದರೆ ಇದು, ಮತ್ತು ಅದು ಕೆಲಸಕ್ಕೆ ಬರುವುದು ಸರಿಯಾಗಿ ನಮ್ಮಂಥ ನೀರಿನಲ್ಲೇ. 400ರ ವೇಗವೂ ಬೇಕು, ಏಕೆಂದರೆ ಆ ಮಬ್ಬಿನಲ್ಲಿ 100ರ ಫಿಲ್ಮ್ ಹಿನ್ನೆಲೆಗೆ ಎಫ್/2.8 ಕೇಳುತ್ತದೆ, ಚಿತ್ರದ ಅಂಚುಗಳೆಲ್ಲ ಮೆತ್ತಗಾಗುತ್ತವೆ.

ಕೊಡಾಕಿನದೇ ಇನ್ನೊಂದು ನೆಗೆಟಿವ್ ಫಿಲ್ಮ್ ಎಕ್ಟಾರ್ 100ರ ಬಣ್ಣ ಗಾಢ, ಕಣ ಸಣ್ಣದು, ಆದರೆ ಬೆಳಕು ಕಡಿಮೆಯಾದ ಕಡೆಯಲ್ಲೆಲ್ಲ ಅದು ನೀಲಿ ಹಸಿರಿಗೆ ಜಾರುತ್ತದೆ. ಕೆಂಪೇ ಇಲ್ಲದ ನೀರಿನಲ್ಲಿ ಆ ಗುಣ ಯಾರಿಗೂ ಬೇಡ. ಫ್ಯೂಜಿ 1989ರಲ್ಲಿ ರಿಯಾಲಾ ಎಂಬ ನೆಗೆಟಿವ್ ಫಿಲ್ಮಿನಲ್ಲಿ ನಾಲ್ಕನೆಯ ಬಣ್ಣದ ಪದರವೊಂದನ್ನು ಸೇರಿಸಿತ್ತು. ಟ್ಯೂಬ್‌ಲೈಟಿನ ಕೆಳಗೆ ಮುಖಗಳು ಹಸಿರಾಗದಂತೆ ತಡೆಯುವ ಆ ಪದರ ಮನುಷ್ಯನ ಕಣ್ಣಿಗೆ ಹತ್ತಿರವಾದ ಬಣ್ಣ ಕೊಡುತ್ತಿತ್ತು. ಹಸಿರು ನೀರಿಗೆ ಇಷ್ಟು ಹೊಂದುವ ಗುಣದ ಫಿಲ್ಮ್ ಈಗ ತಯಾರಾಗುತ್ತಿಲ್ಲ ಎಂಬುದು ನಿಜವಾದ ನಷ್ಟ.

1990ರ ದಶಕದಲ್ಲಿ ಕೊಡಾಕ್ ನೀರಡಿಗೆಂದೇ ಒಂದು ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮನ್ನು ಹೊರತಂದಿತ್ತು. ಅದು ಹೆಚ್ಚು ಕಾಲ ಉಳಿಯಲಿಲ್ಲ. ಅಂಥ ಫಿಲ್ಮಿನ ಕಷ್ಟ ಊಹಿಸಬಹುದು: ಐದು ಮೀಟರಿಗೆ ಬೇಕಾದ ತಿದ್ದುಪಡಿ ಹದಿನೈದು ಮೀಟರಿಗೆ ಸಾಲದು, ನೀಲಿ ನೀರಿಗೆ ಬೇಕಾದದ್ದು ಹಸಿರು ನೀರಿಗೆ ಹೊಂದದು, ಸ್ಟ್ರೋಬಿನ ಬೆಳಕಿಗಂತೂ ತಿದ್ದುಪಡಿಯೇ ಬೇಡ. ಲೆನ್ಸಿನ ಮುಂದೆ ಹಾಕುವ ಕೆಂಪು ಫಿಲ್ಟರಿಗೂ ಇದೇ ಮಿತಿ. ನೀಲಿ ನೀರಿನಲ್ಲಿ, ಕಡಿಮೆ ಆಳದಲ್ಲಿ, ಬಿಸಿಲಿನಲ್ಲಿ ಅದು ಕೆಲಸ ಮಾಡುತ್ತದೆ, ಬದಲಿಗೆ ಒಂದು ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ. ಹಸಿರು ನೀರಿಗೆ ಬೇಕಾದದ್ದು ಕೆನ್ನೀಲಿ ಕೆಂಪಿನ ಮೆಜೆಂಟಾ ಫಿಲ್ಟರ್, ಅದೂ ಸ್ಟ್ರೋಬ್ ಇಲ್ಲದೆ, ಐದಾರು ಮೀಟರಿನೊಳಗೆ. ಸ್ಟ್ರೋಬ್ ಬಳಸುವವರು ಲೆನ್ಸಿಗೆ ಬೆಚ್ಚಗಿನ ಬಣ್ಣದ ಫಿಲ್ಟರ್ ಹಾಕಿದರೆ ಹಿನ್ನೆಲೆಯ ಹಸಿರು ಹಳದಿಗೆ ತಿರುಗಿ ಇನ್ನಷ್ಟು ಕೆಡುತ್ತದೆ. ಬೆಚ್ಚಗಿನ ಜೆಲ್ ಹಾಳೆಯನ್ನು ಸ್ಟ್ರೋಬಿನ ಮುಖಕ್ಕೆ ಹಾಕಬೇಕು. ಆಗ ಹತ್ತಿರದ ಮೀನು ಮಾತ್ರ ಬೆಚ್ಚಗಾಗುತ್ತದೆ, ನೀರು ತನ್ನ ಬಣ್ಣದಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಹದಿನೈದು ಮೀಟರ್ ಆಳದ ಬಿರುಕಿನಲ್ಲಿ ನಿಂತ ಕೆಂಪು ಮೀನು ನಮ್ಮ ಕಣ್ಣಿಗೆ ಅಲ್ಲಿ ಕಾಣುವುದು ಬೂದು ಕಂದಾಗಿ. ಅದರ ಕೆಂಪು ಅಲ್ಲಿ ಒಂದು ಬಗೆಯ ಮರೆ. ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೈ ನೆರಳಾಗಿಬಿಡುತ್ತದೆ. ಸ್ಟ್ರೋಬ್ ಹೊತ್ತಿಸಿದಾಗ ಫಿಲ್ಮಿನ ಮೇಲೆ ಮೂಡುವ ಉರಿಗೆಂಪನ್ನು ಆ ಜಾಗದಲ್ಲಿ ಯಾರೂ ಎಂದೂ ಕಂಡಿರುವುದಿಲ್ಲ. ಹಾಗಾದರೆ ಯಾವ ಬಣ್ಣ ನಿಜ? ಮೀನಿನ ಮೈಯಲ್ಲಿರುವ ವರ್ಣದ್ರವ್ಯ ನಿಜ, ಅದನ್ನು ತೋರಿಸಲು ಬಿಳಿ ಬೆಳಕು ಬೇಕು; ಅದು ಬದುಕುವ ನೀರಿನ ಹಸಿರೂ ನಿಜ, ಅದನ್ನು ತೋರಿಸಲು ಕಡಲಿನ ಬೆಳಕೇ ಬೇಕು. ಒಂದಕ್ಕಾಗಿ ಇನ್ನೊಂದನ್ನು ಅಳಿಸಿದ ಚಿತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಹಿನ್ನೆಲೆಯನ್ನು ಕೃತಕವಾಗಿ ನೀಲಿ ಮಾಡಿ ನೇತ್ರಾಣಿಯನ್ನು ಮಾಲ್ಡೀವ್ಸಿನಂತೆ ತೋರಿಸುವ ಚಿತ್ರಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ನೇತ್ರಾಣಿಯ ಹವಳ ಬೆಳೆಯುತ್ತಿರುವುದು ಇಷ್ಟು ಹಸಿರಾದ, ಇಷ್ಟು ತುಂಬಿದ ನೀರಿನಲ್ಲಿ, ಮತ್ತು ಆ ಸಂಗತಿಯೇ ಅಂಥ ಚಿತ್ರದಿಂದ ಕಾಣೆಯಾಗಿರುತ್ತದೆ.

ಫಿಲ್ಮನ್ನು ಕಾಪಾಡಿಕೊಳ್ಳುವುದು ನಮ್ಮ ಹವೆಯಲ್ಲಿ ಬೇರೆಯೇ ಶಿಸ್ತು. ಸೆಕೆ ಮತ್ತು ತೇವದಲ್ಲಿ ಮೂರು ಪದರಗಳೂ ಒಂದೇ ಸಮನಾಗಿ ಹಳೆಯದಾಗುವುದಿಲ್ಲ, ಬಣ್ಣದ ಸಮತೋಲ ತಪ್ಪುತ್ತದೆ. ಫ್ರಿಜ್ಜಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆಗೆ ಇಡಬೇಕು. ಹೊರಡುವ ಹಿಂದಿನ ರಾತ್ರಿಯೇ ಹೊರಗಿಟ್ಟು, ಡಬ್ಬಿ ತೆರೆಯದೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಬೇಕು, ಇಲ್ಲವಾದರೆ ಫಿಲ್ಮಿನ ಮೇಲೆ ಬೆವರಿನಂತೆ ನೀರು ಕೂರುತ್ತದೆ. ದೋಣಿಯಲ್ಲಿ ಎರಡು ಡೈವ್‌ಗಳ ನಡುವೆ ರೀಲು ಬದಲಿಸುವಾಗ ಕ್ಯಾಮೆರಾವನ್ನು ಸಿಹಿನೀರಿನಿಂದ ತೊಳೆದು ಒರೆಸಿ, ತಲೆಕೂದಲನ್ನೂ ಒರೆಸಿಕೊಂಡು, ನೆರಳಿನಲ್ಲಿ ಕುಳಿತು ತೆರೆಯಬೇಕು. ಕೂದಲಿನಿಂದ ಬಿದ್ದ ಒಂದು ಹನಿ ಉಪ್ಪುನೀರು ಸಾಕು, ಒಳಗಿನ ಯಂತ್ರ ತುಕ್ಕು ಹಿಡಿಯಲು.

ಕೊನೆಯ ಹಂತ ತೊಳೆಸುವುದು ಮತ್ತು ಸ್ಕ್ಯಾನ್. ಸಿ-41 ವಿಧಾನದಲ್ಲಿ ನೆಗೆಟಿವ್ ತೊಳೆಯುವವರು ದೊಡ್ಡ ಊರುಗಳಲ್ಲಿ ಇನ್ನೂ ಇದ್ದಾರೆ. ಇ-6 ತೊಳೆಯುವವರು ವಿರಳ, ರೀಲನ್ನು ಕೊರಿಯರಿನಲ್ಲಿ ದೂರ ಕಳಿಸಬೇಕು. ಇದೂ ಆಯ್ಕೆಯ ಒಂದು ಭಾಗವೇ. ತೊಳೆದ ನೆಗೆಟಿವನ್ನು ಸ್ಕ್ಯಾನರ್ ತನ್ನಷ್ಟಕ್ಕೆ ತಿದ್ದಲು ಬಿಟ್ಟರೆ ಅದು ಹಸಿರನ್ನೆಲ್ಲ ಕಂಡು, ಇದು ತಪ್ಪಿರಬೇಕೆಂದು ಎಣಿಸಿ, ಎದುರು ಬಣ್ಣವನ್ನು ಸುರಿಯುತ್ತದೆ. ನೀರು ಬೂದಾಗುತ್ತದೆ, ಮೀನು ಗುಲಾಬಿಯಾಗುತ್ತದೆ. ಇದನ್ನು ತಡೆಯಲು ನಾನು ಪ್ರತಿ ರೀಲಿನ ಮೊದಲ ಚಿತ್ರವನ್ನು ಬಿಳಿ ತಟ್ಟೆಗೆ ಮೀಸಲಿಡುತ್ತೇನೆ. ಅದನ್ನು ಅರ್ಧ ಮೀಟರ್ ದೂರದಿಂದ, ಹಿಂದೆ ತೆರೆದ ನೀರು ಕಾಣುವಂತೆ, ಸ್ಟ್ರೋಬಿನಿಂದ ತೆಗೆಯುತ್ತೇನೆ. ಸ್ಕ್ಯಾನ್ ಮಾಡುವವರು ಆ ಚಿತ್ರದಲ್ಲಿ ತಟ್ಟೆ ಬಿಳಿಯಾಗುವಂತೆ ಹೊಂದಿಸಿ, ಆ ಹೊಂದಿಕೆಯನ್ನು ಇಡೀ ರೀಲಿಗೆ ಬಳಸಿದರೆ ಸಾಕು. ಹಿನ್ನೆಲೆ ಎಷ್ಟು ಹಸಿರಾಗಿ ಬರುತ್ತದೋ ಅಷ್ಟೂ ಆ ದಿನದ ನೀರಿನದು. ರೀಲಿನ ಜೊತೆ ಕಳಿಸುವ ಚೀಟಿಯಲ್ಲಿ ಫಿಲ್ಮಿನ ಹೆಸರು, ನಾನು ಎಣಿಸಿದ ಐಎಸ್‌ಒ, ಆಳ, ತಟ್ಟೆ ಮರೆಯಾದ ಮೀಟರ್, ಇಷ್ಟನ್ನು ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ “ಮೊದಲ ಚಿತ್ರದ ತಟ್ಟೆಯನ್ನು ಬಿಳಿ ಮಾಡಿ, ಆಮೇಲೆ ಯಾವ ಬಣ್ಣವನ್ನೂ ತಿದ್ದಬೇಡಿ” ಎಂದು ಸೇರಿಸುತ್ತೇನೆ.